ಅಜ್ಜಿಯ ದನಿಗೆ ಮೂರು ಮನೆ

ಕಳೆದ ಯುಗಾದಿಯ ಮರುದಿನ ಪಾಂಡವಪುರದ ನಮ್ಮ ಮನೆಯ ಕಂಪ್ಯೂಟರ್ ಕಣ್ಣು ತೆರೆಯಲಿಲ್ಲ. ತೀರಿಹೋದ ನನ್ನ ಹೆಂಡತಿ ಮೊಮ್ಮಗಳಿಗೆ ಹೇಳಿದ್ದ ಹನ್ನೊಂದು ಕತೆಗಳು ಅವಳದೇ ದನಿಯಲ್ಲಿ ಅದರೊಳಗಿದ್ದವು. ನಾಲ್ಕು ಮಾತ್ರ ಮಗಳ ಫೋನಿನಲ್ಲಿ ಸಿಕ್ಕವು. ಏಳು ಹೋದವು.

ಕೆ.ಆರ್. ಪೇಟೆಯ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ, ದಿನದ ಲೆಕ್ಕದ ನಕಲು ತೆಗೆಯದೆ ನಾವು ಮನೆಗೆ ಹೊರಡುತ್ತಿರಲಿಲ್ಲ. ಊರವರ ಹಣಕ್ಕಿದ್ದ ಆ ಎಚ್ಚರ ಸ್ವಂತ ಮನೆಗೆ ಇಲ್ಲದೆ ಹೋಯಿತು.

ಎಂಟನೇ ತರಗತಿಯ ಮೊಮ್ಮಗಳು ಬೈಯಲಿಲ್ಲ. ಅಟ್ಟದಿಂದ ಹಳೆಯ ಕಂಪ್ಯೂಟರ್ ಇಳಿಸಿ, ಅಪ್ಪನ ಜೊತೆ ಸೇರಿ ಎರಡು ಹೊಸ ಡಿಸ್ಕ್ ಹಾಕಿ, "ತಾತ, ಇದೇ ನಮ್ಮನೆ ಸರ್ವರ್" ಎಂದಳು. ರಾತ್ರಿ ಒಂಬತ್ತಕ್ಕೆ ಅದು ಮನೆಯ ಮೂರೂ ಕಂಪ್ಯೂಟರುಗಳಲ್ಲಿ ಅಂದು ಬದಲಾದ ಕಡತಗಳನ್ನಷ್ಟೇ ನಕಲು ಮಾಡಿಕೊಳ್ಳುತ್ತದೆ. ಒಂದು ಡಿಸ್ಕ್ ಕೆಟ್ಟರೂ ಇನ್ನೊಂದರಲ್ಲಿ ಅದೇ ಇರುತ್ತದೆ.

ಆದರೆ ಸಿಡಿಲು ಬಡಿದರೆ? ಕಳ್ಳ ನುಗ್ಗಿದರೆ? ಒಂದೇ ಸೂರು ಸಾಲದು. ಪಕ್ಕದ ಶ್ರೀರಂಗಪಟ್ಟಣವನ್ನೇ ನೋಡಿ. ಟಿಪ್ಪುವಿನ ಗ್ರಂಥಾಲಯದಲ್ಲಿ ಸುಮಾರು 2,000 ಹಸ್ತಪ್ರತಿಗಳಿದ್ದವು. 1799ರಲ್ಲಿ ಕೋಟೆ ಬಿದ್ದ ಮೇಲೆ ಅವು ಊರು ಬಿಟ್ಟವು. ಎಷ್ಟೋ ಕಲ್ಕತ್ತೆ, ಲಂಡನ್ ಸೇರಿದವು.

ಅದಕ್ಕೇ ನಮ್ಮದು ಮೂರು ಪ್ರತಿ: ಕಂಪ್ಯೂಟರಿನಲ್ಲಿ ಒಂದು, ಸರ್ವರಿನಲ್ಲಿ ಒಂದು, ತಿಂಗಳಿಗೊಮ್ಮೆ ನಾಗಮಂಗಲದ ಮಗಳ ಮನೆಗೆ ಹೋಗುವ ಡಿಸ್ಕಿನಲ್ಲಿ ಒಂದು.

ಮಕ್ಕಳೇ, ನಕಲು ಇದ್ದರಷ್ಟೇ ಸಾಲದು, ಆಗಾಗ ತೆರೆದೂ ನೋಡಬೇಕು. ಮೊನ್ನೆ ಪರೀಕ್ಷೆಗೆಂದು ಒಂದು ಕಡತ ತೆರೆದೆವು. "ಒಂದೂರಲ್ಲಿ..." ಎಂದಳು ಅಜ್ಜಿ. ಕತೆ ಮುಗಿಯುವವರೆಗೂ ಯಾರೂ ನಿಲ್ಲಿಸಲಿಲ್ಲ.