ಟಾಪ್ ಎಂಡ್ ಜೀಪಿಗೆ ಎಷ್ಟು ಕ್ವಿಂಟಾಲ್ ಜೋಳ?



ನಾನು ಹುಡುಗನಾಗಿದ್ದಾಗ ನಮ್ಮ ಶಾಗ್ಯಕ್ಕೆ ಜೀಪು ಬಂತೆಂದರೆ ಅದು ಒಂದೋ ಅರಣ್ಯ ಇಲಾಖೆಯದು, ಇಲ್ಲವೇ ಸಾಲ ವಸೂಲಿಯವರದು. ವಸೂಲಿ ಜೀಪಿನ ಸದ್ದು ಕೇಳಿದರೆ ನಮ್ಮವ್ವ ತಾಮ್ರದ ಹಂಡೆಯನ್ನು ಹಿತ್ತಲಿನ ಹುಲ್ಲುಮೆದೆಯೊಳಕ್ಕೆ ತಳ್ಳಿಬಿಡುತ್ತಿದ್ದಳು. ಈಗ ಅದೇ ಜಾತಿಯ ಗಾಡಿಯನ್ನು ನಾವೇ ಸಾಲ ಮಾಡಿ ಮನೆಮುಂದೆ ನಿಲ್ಲಿಸಲು ಹೊರಟಿದ್ದೇವೆ. ಬೇಡ ಎನ್ನುವವನು ನಾನಲ್ಲ. ರೈತ ಎತ್ತಿನಗಾಡಿಯಲ್ಲೇ ಸಾಯಬೇಕೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ನನ್ನ ತಕರಾರು ಇರುವುದು ಗಾಡಿಯ ಮೇಲಲ್ಲ, ಅದರ ‘ಟಾಪ್ ಎಂಡ್’ ಮೇಲೆ.

ಹೋದ ತಿಂಗಳು ನನ್ನ ಮಗ ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಮಹೀಂದ್ರದ ಥಾರ್ ರಾಕ್ಸ್ ತೋರಿಸಿದ. “ಇದ್ರಲ್ಲಿ ಮಾದಪ್ಪನ ಬೆಟ್ಟದ ಕಲ್ಲುದಾರೀನೂ ಹತ್ತಬೋದು ಕನಪ್ಪ” ಅಂದ. ಹತ್ತುತ್ತದೆ, ಸುಳ್ಳಲ್ಲ. 2024ರ ಸೆಪ್ಟೆಂಬರಿನಲ್ಲಿ ಬೆಲೆ ಹೇಳಿದಾಗ ನಾಲ್ಕೂ ಚಕ್ರ ಎಳೆಯುವ ಡೀಸೆಲ್ ಮಾಡೆಲ್ಲುಗಳಲ್ಲಿ ಕೆಳಗಿನದಕ್ಕೆ ಷೋರೂಮ್ ಬೆಲೆ 18.79 ಲಕ್ಷ, ಎಲ್ಲಕ್ಕಿಂತ ಮೇಲಿನದಕ್ಕೆ 22.49 ಲಕ್ಷ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದು ಎರಡೂ ಸ್ವಲ್ಪ ತಗ್ಗಿದವು; ನಡುವಿನ ಅಂತರ ಅಂಥದ್ದೇನೂ ತಗ್ಗಲಿಲ್ಲ.

ಹಾಗಾದರೆ ಆ ಹೆಚ್ಚಿನ ದುಡ್ಡಿಗೆ ಕೊಡುವುದೇನು? ತಲೆಮೇಲೆ ಉದ್ದಕ್ಕೂ ಗಾಜಿನ ಚಾವಣಿ. ಬೆನ್ನಿಗೆ ತಣ್ಣನೆ ಗಾಳಿ ಊದುವ ಸೀಟು. ಒಂಬತ್ತು ಸ್ಪೀಕರು. ಸುತ್ತಲೂ ತೋರಿಸುವ ಕ್ಯಾಮರಾ. ರಸ್ತೆಯ ಬಿಳಿಗೆರೆ ನೋಡಿಕೊಂಡು ಸ್ಟಿಯರಿಂಗ್ ಹಿಡಿದುಕೊಳ್ಳುವ ಯಂತ್ರ. ನಮ್ಮೂರಿನ ರಸ್ತೆಯಲ್ಲಿ ಬಿಳಿಗೆರೆ ಎಲ್ಲಿದೆ ಸ್ವಾಮಿ? ಇರುವುದು ಒಣಹಾಕಿದ ರಾಗಿ ಹುಲ್ಲು, ಅದರ ಮೇಲೆ ಮಲಗಿದ ಎಮ್ಮೆ. ನ್ಯಾಯವಾಗಿ ಹೇಳಬೇಕೆಂದರೆ ಮೇಲಿನದರಲ್ಲಿ ಗೇರು ತಾನೇ ಬೀಳುತ್ತದೆ, ಎಂಜಿನ್ನಿಗೂ ಕಸುವು ಹೆಚ್ಚು. ಆದರೆ ನಾಲ್ಕೂ ಚಕ್ರಕ್ಕೆ ಓಟ, ಕೆಸರಿನಲ್ಲಿ ಬೇಕಾಗುವ ಕೆಳಗೇರು, ಇವು ಕೆಳಗಿನದರಲ್ಲೂ ಇವೆ. ಅಪಘಾತದಲ್ಲಿ ಜೀವ ಉಳಿಸುವ ಆರು ಏರ್‌ಬ್ಯಾಗು ಎಲ್ಲಾ ಮಾಡೆಲ್ಲಿಗೂ ಇವೆ. ಚಕ್ರದ ಮಾತು ಇನ್ನೂ ತಮಾಷೆ: ದುಬಾರಿ ಗಾಡಿಗೆ 19 ಇಂಚಿನ ರಿಮ್ಮು, ಅಗ್ಗದ್ದಕ್ಕೆ 18. ರಿಮ್ಮು ದೊಡ್ಡದಾದಷ್ಟೂ ಟೈರಿನ ಪಕ್ಕೆ ಕಿರಿದಾಗುತ್ತದೆ, ಚೂಪುಕಲ್ಲಿನ ಏಟು ನೇರ ರಿಮ್ಮಿಗೇ ಬೀಳುತ್ತದೆ. ಅಂದರೆ ಕಲ್ಲುದಾರಿಯ ಮಟ್ಟಿಗೆ ಹೆಚ್ಚು ದುಡ್ಡು ಕೊಟ್ಟು ಕಡಿಮೆಯದನ್ನು ತಂದ ಹಾಗಾಯಿತು.

ಬೆಟ್ಟದ ಮೇಲಿನ ಇಂಡಿಗನತ್ತ, ತುಳಸಿಕೆರೆ ಕಡೆ ಹೋಗಿ ನೋಡಿ. ಆ ದಾರಿಯಲ್ಲಿ ಬಸುರಿ ಹೆಂಗಸರನ್ನು, ಪಡಿತರದ ಮೂಟೆಯನ್ನು ಹೊತ್ತು ಏರಿಳಿದಿರುವುದು ಬಾಗಿಲು ಸರಿಯಾಗಿ ಮುಚ್ಚದ ಹಳೇ ಜೀಪುಗಳು. ಅವುಗಳಲ್ಲಿ ಪರದೆಯೂ ಇಲ್ಲ, ಹಾಡೂ ಇಲ್ಲ. ಅಲ್ಲಿ ನಾಲ್ಕು ಚಕ್ರದ ಓಟಕ್ಕೆ ಬೆಲೆ ಇದೆ, ಅದಕ್ಕೆ ದುಡ್ಡು ಕೊಟ್ಟರೆ ದಂಡವಲ್ಲ. ನಮಗೆ ಶಾಗ್ಯದ ಹೊಲದ ದಾರಿಯಲ್ಲಿ ಅದು ಬೇಕಾಗುವುದು ವರ್ಷಕ್ಕೆ ಎಷ್ಟು ದಿನ? ಮಳೆಗಾಲದಲ್ಲಿ ಒಂದು ಹತ್ತು ದಿನ. ಅವತ್ತು ಪಕ್ಕದ ಹೊಲದ ಟ್ರ್ಯಾಕ್ಟರು ಎಳೆದುಕೊಡುತ್ತದೆ. ಕೊಯ್ಲಿನ ಮೂಟೆ ಹೊರಲೂ ಥಾರ್ ಆಗುವುದಿಲ್ಲ. ಗುಡ್ಡಗಾಡಿನ ರೈತರು ಫಸಲು ಸಾಗಿಸಲು ಪಿಕಪ್ ವ್ಯಾನು ಕೊಳ್ಳುವುದಾದರೆ 7 ಲಕ್ಷದವರೆಗೆ ಶೇ. 4ರ ಬಡ್ಡಿಯಲ್ಲಿ ಸಾಲ ಎಂದು 2023ರ ಜುಲೈ ಬಜೆಟ್ಟಿನಲ್ಲಿ ನಮ್ಮ ರಾಜ್ಯ ಸರ್ಕಾರವೇ ಘೋಷಿಸಿತ್ತು. ಸೊಸೈಟಿಗೆ ಹೋಗಿ ಅದನ್ನು ವಿಚಾರಿಸಿದವರು ನಮ್ಮಲ್ಲಿ ಎಷ್ಟು ಜನ?

ಇನ್ನು ಲೆಕ್ಕಕ್ಕೆ ಬನ್ನಿ, ಪೆನ್ಸಿಲ್ಲು ತಗೊಳ್ಳಿ. ಮೇಲಿನ ಮಾಡೆಲ್ಲು 20 ಲಕ್ಷ ದಾಟಿದ್ದಕ್ಕೆ ರಸ್ತೆ ತೆರಿಗೆ ಶೇ. 17 ಇದ್ದದ್ದು 18 ಆಗುತ್ತದೆ, ಅದೂ ಇಡೀ ಬೆಲೆಯ ಮೇಲೆ. ಎಲ್ಲಾ ಸೇರಿಸಿ, ಕಡಿಮೆಯೇ ಹಿಡಿದು, ಹೆಚ್ಚಿಗೆ ಬೀಳುವುದು 4 ಲಕ್ಷ ಅನ್ನೋಣ. ಶೇ. 10ರ ಬಡ್ಡಿಗೆ ಏಳು ವರ್ಷದ ಸಾಲವಾದರೆ ತಿಂಗಳ ಕಂತಿನಲ್ಲಿ ಹೆಚ್ಚುವರಿ 6,640 ರೂ.; ತೀರುವ ಹೊತ್ತಿಗೆ 5 ಲಕ್ಷ 57 ಸಾವಿರ. ಮುಸುಕಿನ ಜೋಳಕ್ಕೆ 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂ. ಕೇಂದ್ರ ಸರ್ಕಾರವೇ ಹಾಕಿದ ಬೆಳೆಯುವ ಖರ್ಚು 1,508. ಉಳಿಯುವುದು 892. ಆ 5 ಲಕ್ಷ 57 ಸಾವಿರ ಉಳಿಸಬೇಕಾದರೆ 625 ಕ್ವಿಂಟಾಲ್ ಬೆಳೆಯಬೇಕು. ನನ್ನ ಮಳೆಯಾಶ್ರಿತ ಹೊಲದಲ್ಲಿ ಎಕರೆಗೆ ಹದಿನೈದು ಬಂದರೆ ಮಾದಪ್ಪನಿಗೆ ಕೈಮುಗಿಯುತ್ತೇನೆ. ನಾಲ್ಕು ಎಕರೆಯವನಿಗೆ ಇದು ಹತ್ತು ವರ್ಷದ ಬೆಳೆ. ಗಾಡಿಗಲ್ಲ, ಗಾಜಿನ ಚಾವಣಿಗೆ!

ಅದೂ ಬೆಂಬಲ ಬೆಲೆ ಸಿಕ್ಕಿದರೆ. 2025ರ ನವೆಂಬರಿನಲ್ಲಿ ಗದಗ, ಹಾವೇರಿ ಕಡೆಯ ರೈತರು ಬೀದಿಗಿಳಿದದ್ದು ಯಾಕೆ? ಮಾರುಕಟ್ಟೆಯಲ್ಲಿ ಜೋಳ 1,600-1,800ಕ್ಕೆ ಬಿದ್ದಿತ್ತು. 1,700ರ ಲೆಕ್ಕದಲ್ಲಿ ಉಳಿಯುವುದು ಕ್ವಿಂಟಾಲಿಗೆ 192 ರೂ. ಆಗ ಎಷ್ಟು ಕ್ವಿಂಟಾಲ್ ಬೇಕೆಂದು ನೀವೇ ಭಾಗಿಸಿಕೊಳ್ಳಿ. ನನಗೆ ಮೂರು ಸಾವಿರದ ಹತ್ತಿರ ಬಂತು. ತಪ್ಪಿರಬಹುದೆಂದು ಎರಡು ಸಲ ಹಾಕಿ ನೋಡಿದೆ.

ಈ ಲೆಕ್ಕವನ್ನು ಮಗನ ಮುಂದೆ ಇಟ್ಟೆ. ಅವನು ಚೀಟಿ ನೋಡಲಿಲ್ಲ. “ಅಪ್ಪಾ, ಹೆಣ್ಣಿನ ಕಡೆಯವರು ಬಂದಾಗ ಜೋಳದ ಮೂಟೆ ತೋರುಸ್ಲಾ?” ಅಂದ. ನನಗೆ ಬಾಯಿ ಕಟ್ಟಿತು. ಅವನಿಗೆ ಮೂವತ್ತು ತುಂಬಿದೆ. ಮೂರು ಸಂಬಂಧ ಬಂದು ಹೋದವು, ಮೂರೂ ಕಡೆ ‘ಹುಡುಗ ಬೆಂಗಳೂರಲ್ಲಿ ಇಲ್ವಾ’ ಎಂಬ ಮಾತು. 2023ರ ಫೆಬ್ರವರಿಯಲ್ಲಿ ಮಂಡ್ಯ ಸೀಮೆಯ ಹೆಣ್ಣು ಸಿಗದ ರೈತರ ಮಕ್ಕಳು ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋದದ್ದನ್ನು ಕಂಡು ನಕ್ಕವರಿದ್ದರು. ನಾನು ನಗಲಿಲ್ಲ. ಟಾಪ್ ಎಂಡಿನ ದುಡ್ಡು ಎಲ್ಲಿಂದ ಹುಟ್ಟುತ್ತದೆ ಎಂಬುದು ನನಗೆ ಅಂದು ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ. ಬೆಳೆಗೆ ಬೆಲೆಯಿಲ್ಲದ ಕಡೆ ಮರ್ಯಾದೆಯನ್ನು ಕಂತಿನಲ್ಲಿ ಕೊಳ್ಳುತ್ತಿದ್ದೇವೆ.

ಆದರೂ ಮಗನಿಗೆ ಒಂದು ಮಾತು ಕೇಳಿದೆ. ಮನೆ ನೋಡಲು ಬಂದವರು ಗಾಡಿ ನೋಡಿ ಒಪ್ಪಿ ಹೋದರು ಅಂತಿಟ್ಟುಕೋ. ಆರು ತಿಂಗಳಿಗೆ ಕಂತು ತಪ್ಪಿ, ಸಾಲ ಕೊಟ್ಟವರು ಬಂದು ಅಂಗಳದಿಂದ ಅದನ್ನು ಎಳೆದುಕೊಂಡು ಹೋಗುವಾಗ ಹೊಸ ಸೊಸೆ ಬಾಗಿಲಲ್ಲಿ ನಿಂತಿರುತ್ತಾಳೆ. ಹಂಡೆಯನ್ನಾದರೆ ಹುಲ್ಲಿನಲ್ಲಿ ಬಚ್ಚಿಡಬಹುದು, ಜೀಪನ್ನು ಎಲ್ಲಿ ಬಚ್ಚಿಡುತ್ತೀಯೆ?

ಸಾಲವಿಲ್ಲದೆ ಕೈದುಡ್ಡಿನಲ್ಲಿ ಕೊಳ್ಳುವ ರೈತನಿಗೆ ನನ್ನ ಮಾತು ಲಗಾವಾಗುವುದಿಲ್ಲ, ಅವನಿಷ್ಟ. ನಮ್ಮ ಮನೆಯಲ್ಲಿ ಮಾತು ಇನ್ನೂ ಮುಗಿದಿಲ್ಲ. ಕೆಳಗಿನ ಮಾಡೆಲ್ಲಿಗೆ ನಾನು ಒಪ್ಪಿದ್ದೇನೆ, ಅರ್ಧ ದುಡ್ಡು ಕೈಯಲ್ಲಿ ಕಂಡ ಮೇಲೆ, ಪಹಣಿಯನ್ನು ಯಾರ ಮುಂದೂ ಇಡದೆ. ಅರಿಶಿನ ಈರೋಡಿಗೆ ಹೋಗಿ ಬರಲಿ, ಆಮೇಲೆ ಮೈಸೂರಿಗೆ ಹೋಗೋಣ ಅಂದಿದ್ದೇನೆ. ಅವನು ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ.