ಕೇಳ್ತಾ ಅದಾ ಸಾ?

ಸಭೆಗೆ ವಿಡಿಯೊ ಕರೆಯ ಲಿಂಕ್, ತರಬೇತಿಗೆ ಲಿಂಕ್, ಮಳೆ ಹೆಚ್ಚಾಗಿ ಶಾಲೆಗೆ ರಜೆ ಕೊಟ್ಟರೆ ಪಾಠಕ್ಕೂ ಲಿಂಕ್. ‘ಸದ್ಯಕ್ಕೆ ಪ್ರಯೋಗ’ ಎಂದು ಶುರುವಾದದ್ದು ಕಾಯಂ ಆಗುವ ಮೊದಲು ಒಂದು ಮಾತು ಹೇಳಬೇಕು.

ಪ್ರಯೋಗ ಚಾಮರಾಜನಗರಕ್ಕೆ ಹೊಸದಲ್ಲ. 2004ರ ಸೆಪ್ಟೆಂಬರ್ 20ರಂದು ಇಸ್ರೋ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಪ್ರಾಥಮಿಕ ಶಾಲೆಗಳಿಗೆ ಉಪಗ್ರಹದ ಮೂಲಕ ಪಾಠ ಮುಟ್ಟಿಸಿ ನೋಡಲು ಆರಿಸಿಕೊಂಡದ್ದು ಈ ಜಿಲ್ಲೆಯನ್ನೇ. 800ಕ್ಕೂ ಹೆಚ್ಚು ಶಾಲೆಗಳಿಗೆ ಡಿಶ್ ಬಂತು. ಪಾಠ ಕೆಳಗಿಳಿಯುತ್ತಿತ್ತು, ಮಗುವಿನ ಪ್ರಶ್ನೆ ಮೇಲೇರುತ್ತಿರಲಿಲ್ಲ. ಆದರೆ ಟಿ.ವಿ. ಪಕ್ಕದಲ್ಲಿ ಮೇಷ್ಟ್ರು ನಿಂತಿದ್ದರು. ಅರ್ಥವಾಗದ ಮುಖ ಅವರಿಗೆ ಕಾಣುತ್ತಿತ್ತು. 2010ರಲ್ಲಿ ಉಪಗ್ರಹವೇ ನಿವೃತ್ತಿಯಾಯಿತು.

ಈಗಿನ ಜೂಮ್, ಗೂಗಲ್ ಮೀಟ್‌ಗಳಲ್ಲಿ ಎರಡೂ ಕಡೆಯವರು ಮಾತಾಡಬಹುದು. ಆಡುತ್ತಾರೆಯೇ? ಡೇಟಾ ಉಳಿಸಲು ಕ್ಯಾಮೆರಾ ಬಂದ್, ಗದ್ದಲವಾಗದಿರಲಿ ಎಂದು ಮೈಕೂ ಬಂದ್. ಪರದೆಯ ಮೇಲೆ ಹೆಸರುಗಳಷ್ಟೇ ಸಾಲಾಗಿ ಕೂತಿರುತ್ತವೆ. ಅವನ್ನು ಎಣಿಸಿ ‘ಪೂರ್ಣ ಹಾಜರಿ’ ಎಂದು ಬರೆದುಕೊಳ್ಳುವ ಅಭ್ಯಾಸವಿದೆಯಲ್ಲ, ನಮಗೆ ಭಯ ಅದರದ್ದು. ಲಿಂಕ್ ಕೈಕೊಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ. ಲಿಂಕ್ ಚೆನ್ನಾಗಿದ್ದು ಆ ಕಡೆ ಯಾರೂ ಇಲ್ಲದಿದ್ದರೆ ಗೊತ್ತಾಗುವುದಿಲ್ಲ. ‘ಕೇಳ್ತಾ ಅದಾ ಸಾ?’ ಎಂದು ಒಬ್ಬರಾದರೂ ಕೇಳುತ್ತಿರುವವರೆಗೆ ಸಭೆಗೆ ಜೀವ ಇದೆ. ಆ ಪ್ರಶ್ನೆಯೂ ನಿಂತ ದಿನ ಅಧಿಕಾರಿಗಳು ಎಚ್ಚೆತ್ತುಕೊಳ್ಳಬೇಕು.

ಲಿಂಕ್ ಎಲ್ಲರನ್ನೂ ಮುಟ್ಟುವುದಿಲ್ಲ ಎಂಬುದನ್ನು ಕೋವಿಡ್ ಕಾಲದಲ್ಲಿ ಒಮ್ಮೆ ಕಲಿತಿದ್ದೆವು. 2020ರ ಆಗಸ್ಟ್‌ನಲ್ಲಿ ಶುರುವಾದ ಸರ್ಕಾರದ ವಿದ್ಯಾಗಮ ಕಾರ್ಯಕ್ರಮ ಮಕ್ಕಳನ್ನು ಮೂರು ಗುಂಪು ಮಾಡಿತು: ಇಂಟರ್‌ನೆಟ್ ಇರುವ ಸ್ಮಾರ್ಟ್‌ಫೋನ್‌ನವರು, ಬರೀ ಮೊಬೈಲ್‌ನವರು, ಏನೂ ಇಲ್ಲದವರು. ಫೋನಿಲ್ಲದವರು ಇದ್ದಾರೆಂದು ಸರ್ಕಾರವೇ ಬಾಯಿಬಿಟ್ಟು ಒಪ್ಪಿತ್ತು. ಮೇಷ್ಟ್ರು, ಮೇಡಂ ಊರೂರಿನ ಜಗಲಿ, ಗುಡಿಯಂಗಳಕ್ಕೇ ಹೋದರು. ಅಕ್ಟೋಬರ್‌ನಲ್ಲಿ ಸೋಂಕಿನ ಅಂಜಿಕೆಗೆ ಅದು ನಿಂತಿತು. ಇಂದಿನ ಲಿಂಕ್ ಆ ಮೂರನೇ ಗುಂಪನ್ನು ಕೇಳುವುದೇ ಇಲ್ಲ.

ಪುಕ್ಕಟೆ ಸಾಧನದ ಲೆಕ್ಕವೂ ಒಂದಿದೆ. ಜೂಮ್‌ನ ಉಚಿತ ಸಭೆ 40 ನಿಮಿಷಕ್ಕೆ ಕಡಿದುಹೋಗುತ್ತದೆ, ಹೆಚ್ಚುಕಮ್ಮಿ ಶಾಲೆಯ ಒಂದು ಪೀರಿಯಡ್. ಅದರಲ್ಲಿ ಹತ್ತು ನಿಮಿಷ ಒಬ್ಬೊಬ್ಬರನ್ನೇ ಒಳಗೆ ಕರೆದುಕೊಳ್ಳುವುದಕ್ಕೇ ಸರಿ. ಅಂಥ ಸಾಧನ ಸದಾ ಇರುತ್ತದೆಂಬ ಖಾತ್ರಿಯೂ ಇಲ್ಲ: ಅನೇಕರು ನೆಚ್ಚಿಕೊಂಡಿದ್ದ ಸ್ಕೈಪ್ 2025ರ ಮೇ ತಿಂಗಳಲ್ಲಿ ಅಂಗಡಿ ಮುಚ್ಚಿತು.

ಆದ್ದರಿಂದ ಪ್ರಯೋಗವನ್ನು ಜಿಲ್ಲಾಡಳಿತ ಭವನದ ವೈ-ಫೈ ಕೊಠಡಿಯಲ್ಲಿ ಕೂತು ಮಾಡಬೇಡಿ. ಬಂಡೀಪುರದಂಚಿನ ಮಂಗಲದಿಂದಲೋ, ಬಿಳಿಗಿರಿರಂಗನ ಬೆಟ್ಟದ ಬುಡಕಟ್ಟಿನವರ ಒಂದು ಪೋಡಿನಿಂದಲೋ ಕರೆಂಟು ಹೋದ ಸಂಜೆ ಮಾಡಿ. ಲಿಂಕ್ ಒತ್ತಿದವರೆಷ್ಟು ಎಂದಲ್ಲ, ಬಾಯಿಬಿಟ್ಟವರೆಷ್ಟು ಎಂದು ಬರೆದುಕೊಳ್ಳಿ. ಸಿಗ್ನಲ್ ಹುಡುಕಿಕೊಂಡು ಮಕ್ಕಳು ದಿಬ್ಬ ಹತ್ತಿದರಾ ಎಂಬುದನ್ನೂ ವಿಚಾರಿಸಿ. ಅಲ್ಲಿ ಕತ್ತಲಾದ ಮೇಲೆ ಆನೆ ಇಳಿಯುತ್ತದೆ.