ಹಳೆಯ ಸಿರಿಬಂಡಿಯ ಜೀರ್ಣೋದ್ಧಾರ

ಹಳೆಯ ಮನೆಯನ್ನು ಕೊಂಡವನು ಗೋಡೆಗೆ ಸುಣ್ಣ ಬಳಿಯಿಸುವುದಕ್ಕೆ ಮೊದಲು ತೊಲೆಗಳನ್ನು ತಟ್ಟಿ ನೋಡುವನು. ಹಳೆಯ ಮೋಟಾರುಗಾಡಿಯನ್ನು ಕೊಂಡವರಲ್ಲಿ ಮಾತ್ರ ಈ ವಿವೇಕವು ಅಪರೂಪ. ಅವರು ಮೊದಲು ಬಣ್ಣಕ್ಕೂ ತೊಗಲಿನ ಆಸನಗಳಿಗೂ ಹಣವನ್ನು ಸುರಿದು, ಕೈ ಬರಿದಾದ ಮೇಲೆ ಬ್ರೇಕಿನ ಯೋಚನೆಯನ್ನು ಮಾಡುವರು. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆಯು ಇಂತಹ ಗಾಡಿಗಳಿಗೆ ಚೆನ್ನಾಗಿ ಒಪ್ಪುತ್ತದೆ. ಹೆಂಡತಿ ಮಕ್ಕಳನ್ನು ಕುಳ್ಳಿರಿಸಿಕೊಂಡು ಹೊರಡುವ ಗೃಹಸ್ಥನಿಗೆ ಇದು ಹಾಸ್ಯದ ಮಾತಲ್ಲ. ಆದಕಾರಣ ಹಳೆಯ ಸಿರಿವಂತಿಕೆಯ ಗಾಡಿಯೊಂದನ್ನು ಮನೆಯಲ್ಲಿಯೇ ಸರಿಪಡಿಸುವ ಕ್ರಮವನ್ನು ಈ ತಿಂಗಳು ವಿಚಾರಿಸುವೆವು.

ಉದಾಹರಣೆಗೆ ರೋಲ್ಸ್-ರಾಯ್ಸ್ ಕಂಪೆನಿಯವರ ಸಿಲ್ವರ್ ಷ್ಯಾಡೋ ಎಂಬ ಗಾಡಿಯನ್ನು ತೆಗೆದುಕೊಳ್ಳೋಣ. ಇಂಗ್ಲೆಂಡಿನ ಕ್ರೂ ಎಂಬ ಊರಿನ ಕಾರ್ಖಾನೆಯಲ್ಲಿ 1965ರಿಂದ 1980ರ ವರೆಗೆ ಇದು ತಯಾರಾಯಿತು. ಚಾಸಿಯೂ ಮೈಕಟ್ಟೂ ಬೇರೆಬೇರೆಯಾಗಿರದೆ ಒಂದೇ ಆಗಿರುವುದು, ನಾಲ್ಕು ಗಾಲಿಗಳಿಗೂ ಡಿಸ್ಕ್ ಬ್ರೇಕುಗಳಿರುವುದು, ಇವೆರಡೂ ಆ ಕಂಪೆನಿಯ ಗಾಡಿಗಳಲ್ಲಿ ಇದರಿಂದಲೇ ಮೊದಲಾದುವು. ಹಳೆಯದಾದ ಮೇಲೆ ಇದರ ಬೆಲೆಯು ಇಳಿಯಿತೇ ಹೊರತು ರಿಪೇರಿಯ ವೆಚ್ಚವು ಇಳಿಯಲಿಲ್ಲ. ಆನೆಯು ಅಗ್ಗವಾಗಿ ಸಿಕ್ಕಿದ ಮಾತ್ರಕ್ಕೆ ಅದರ ಮೇವು ಅಗ್ಗವಾಗುವುದೆ?

ಈ ಗಾಡಿಯ ಜೀವವಿರುವುದು ಬ್ರೇಕಿನ ದ್ರವದಲ್ಲಿ. ಫ್ರಾನ್ಸಿನ ಸಿಟ್ರೊಯೆನ್ ಕಂಪೆನಿಯಿಂದ ಅನುಮತಿಯನ್ನು ಪಡೆದು ಅಳವಡಿಸಿದ ಏರ್ಪಾಡಿನಂತೆ, ಇಂಜಿನ್ನಿನಿಂದ ನಡೆಯುವ ಎರಡು ಪಂಪುಗಳು ದ್ರವವನ್ನು ಚದರ ಅಂಗುಲಕ್ಕೆ ಸುಮಾರು 2500 ಪೌಂಡಿನ ವರೆಗಿನ ಒತ್ತಡಕ್ಕೆ ಏರಿಸುತ್ತವೆ. ಸಾರಜನಕ ಅನಿಲವನ್ನು ತುಂಬಿದ ಎರಡು ಗೋಳಗಳು ಆ ಒತ್ತಡವನ್ನು ಕೂಡಿಟ್ಟುಕೊಂಡಿರುತ್ತವೆ. ಬ್ರೇಕಿನ ಬಲದ ಬಹುಭಾಗವು ಅಲ್ಲಿಂದಲೇ ಬರತಕ್ಕದ್ದು. ಈ ಗಾಡಿಗೆ ಆರ್‌ಆರ್ 363 ಎಂಬ ವಿಶೇಷ ದ್ರವವನ್ನು ಗೊತ್ತುಮಾಡಿರುವರು. 1980ರಲ್ಲಿ ಬಂದ ಸಿಲ್ವರ್ ಸ್ಪಿರಿಟ್ ಗಾಡಿಗಾದರೋ ಖನಿಜ ತೈಲವನ್ನು ಹಾಕಬೇಕು. ಒಂದರದನ್ನು ಇನ್ನೊಂದಕ್ಕೆ ಸುರಿದರೆ ಒಳಗಿನ ರಬ್ಬರು ಊದಿ ಕೆಟ್ಟು, ಇಡೀ ಏರ್ಪಾಡನ್ನು ಬಿಚ್ಚಬೇಕಾಗುವುದು. ಡಬ್ಬಿಯ ಮೇಲಿನ ಹೆಸರನ್ನು ಓದುವುದಕ್ಕೆ ಹಿಡಿಯುವ ಒಂದು ನಿಮಿಷವು ಇಲ್ಲಿ ದೊಡ್ಡ ಲಾಭ.

ಗೋಳಗಳ ಸ್ಥಿತಿಯನ್ನು ಮನೆಯ ಅಂಗಳದಲ್ಲಿಯೇ ತಿಳಿಯಬಹುದು. ಇಂಜಿನ್ನನ್ನು ಕೆಲವು ನಿಮಿಷ ನಡೆಯಿಸಿ ನಿಲ್ಲಿಸಿರಿ. ಬೀಗದ ಕೈಯನ್ನು ಮತ್ತೆ ತಿರುಗಿಸಿ, ಇಂಜಿನ್ನನ್ನು ಹೊರಡಿಸದೆ, ಬ್ರೇಕನ್ನು ಒಂದೇ ಸಮನಾಗಿ ತುಳಿಯುತ್ತ ಎಣಿಸಿರಿ. ಒತ್ತಡವು ಕುಂದಿತೆಂದು ತಿಳಿಸುವ ದೀಪಗಳು ಎದುರಿನ ಹಲಗೆಯಲ್ಲಿ ಇವೆ. 20 ಸಲಕ್ಕೂ ಮಿಕ್ಕಿ ತುಳಿದ ಮೇಲೆ ಅವು ಹೊತ್ತಿಕೊಂಡರೆ ಸಮಾಧಾನಪಡಬಹುದು. 5-6 ಸಲಕ್ಕೇ ಹೊತ್ತಿಕೊಂಡರೆ ಆ ಗಾಡಿಯು ರಸ್ತೆಗೆ ತಕ್ಕುದಲ್ಲ. ಗೋಳಗಳಿಗೆ ಅನಿಲವನ್ನು ತುಂಬುವುದು ಬಲ್ಲ ಕುಶಲಿಯ ಕೆಲಸ. ಅದನ್ನು ಮನೆಯಲ್ಲಿ ಮಾಡಹೋಗಬಾರದು.

ಗ್ಲೈಕಾಲ್ ಜಾತಿಯ ಈ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಅದರಿಂದ ಕೊಳವೆಗಳ ಒಳಗೆ ತುಕ್ಕು ಹುಟ್ಟುತ್ತದೆ. ಆದಕಾರಣ ಗಾಡಿಯು ಓಡಿದರೂ ಓಡದಿದ್ದರೂ ಎರಡು ವರ್ಷಗಳಿಗೊಮ್ಮೆ ಅದನ್ನು ಬದಲಾಯಿಸುವುದು ಲೇಸು. ಯಾವ ಕೀಲನ್ನು ಬಿಚ್ಚುವುದಕ್ಕೂ ಮೊದಲು ಇಂಜಿನ್ನು ನಿಂತಿರುವಾಗ ಬ್ರೇಕನ್ನು ಪದೇಪದೇ ತುಳಿದು ಒತ್ತಡವನ್ನು ಪೂರ್ತಿಯಾಗಿ ಇಳಿಸತಕ್ಕದ್ದು. ಹಾಗೆ ಮಾಡದಿದ್ದರೆ ಚಿಮ್ಮುವ ದ್ರವವು ಚರ್ಮವನ್ನೂ ಕಣ್ಣನ್ನೂ ಗಾಯಗೊಳಿಸುವುದು. ಗಾಡಿಯ ತೂಕವು ಎರಡು ಟನ್ನಿಗೂ ಹೆಚ್ಚು. ಬರಿಯ ಜಾಕನ್ನು ನಂಬಿ ಯಾರೂ ಕೆಳಗೆ ನುಸುಳಕೂಡದು, ಗಟ್ಟಿಯಾದ ಕಬ್ಬಿಣದ ಆಧಾರಗಳನ್ನು ಕೊಡಲೇಬೇಕು. ಹಳೆಯ ಬ್ರೇಕಿನ ಬಿಲ್ಲೆಗಳ ಧೂಳಿನಲ್ಲಿ ಆಸ್‌ಬೆಸ್ಟಾಸ್ ಇರಬಹುದಾದ್ದರಿಂದ ಅದನ್ನು ಊದದೆ ಒದ್ದೆ ಬಟ್ಟೆಯಿಂದ ಒರಸಬೇಕು. ಮಕ್ಕಳನ್ನು ದೂರವಿಡಬೇಕೆಂದು ಬೇರೆ ಹೇಳಬೇಕಾದುದಿಲ್ಲ.

ಬ್ರೇಕಾದ ಮೇಲೆ ಪೆಟ್ರೋಲಿನ ಕೊಳವೆಗಳು. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿಗೆ ನೂರಕ್ಕೆ 10 ಪಾಲಿನ ವರೆಗೆ ಎಥನಾಲ್ ಸೇರಿತು. ನಮ್ಮ ದೇಶದಲ್ಲಿ 2025ರ ವೇಳೆಗೆ ಅದು 20 ಪಾಲಿಗೆ ಏರಿತು. ಹಳೆಯ ರಬ್ಬರು ಇದನ್ನು ತಾಳದೆ ಮೆತ್ತಗಾಗಿ ಬಿರಿಯುತ್ತದೆ. ಬಿಸಿಯಾದ ಇಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಮುಂದಿನದನ್ನು ಊಹಿಸಬಹುದು. ಎಥನಾಲನ್ನು ತಾಳುವ ಹೊಸ ಕೊಳವೆಗಳ ಬೆಲೆ ಅಲ್ಪ. ಅನಂತರ ಬಾಗಿಲುಗಳ ಕೆಳಗಿನ ಅಂಚನ್ನೂ ಹಿಂದಿನ ಗಾಲಿಗಳ ಕಮಾನನ್ನೂ ಪರೀಕ್ಷಿಸಬೇಕು. ಮೈಕಟ್ಟೇ ಭಾರವನ್ನು ಹೊರುವ ಗಾಡಿಯಲ್ಲಿ ಅಲ್ಲಿಯ ತುಕ್ಕು ಅಂದದ ಕೊರತೆಯಲ್ಲ, ಬಲದ ಕೊರತೆ.

ಇಷ್ಟಾದ ಮೇಲೆ ಸುಧಾರಣೆಯ ಮಾತು. ಕಿಡಿ ಹೊತ್ತಿಸುವ ಹಳೆಯ ಪಾಯಿಂಟುಗಳ ಬದಲು ಎಲೆಕ್ಟ್ರಾನಿಕ್ ಉಪಕರಣವನ್ನು ಡಿಸ್ಟ್ರಿಬ್ಯೂಟರಿನ ಒಳಗೇ ಕೂಡಿಸಬಹುದು. ತುಕ್ಕು ಹಿಡಿಯದ ಉಕ್ಕಿನ ಹೊಗೆಕೊಳವೆಯನ್ನೂ ಹಾಕಿಸಬಹುದು. ಇವುಗಳನ್ನು ತೆಗೆದು ಮೊದಲಿನಂತೆ ಮಾಡಲು ಯಾವ ಅಡ್ಡಿಯೂ ಇಲ್ಲ. ಮೈಕಟ್ಟನ್ನು ಕತ್ತರಿಸಿ ಬೇರೆ ಇಂಜಿನ್ನನ್ನು ತುರುಕುವುದಾದರೋ ಮರಳಿ ಬಾರದ ದಾರಿ. ಹಿಂದಕ್ಕೆ ತಿರುಗಿಸಬಹುದಾದುದನ್ನು ಧೈರ್ಯವಾಗಿ ಮಾಡಿ, ತಿರುಗಿಸಲಾಗದುದನ್ನು ಬಿಡುವುದೇ ನಮ್ಮ ಮತ.

ಕಾನೂನೂ ಹೀಗೆಯೇ ಎಣಿಸಿದಂತಿದೆ. 2021ರ ಜುಲೈಯಲ್ಲಿ ಭಾರತ ಸರ್ಕಾರದವರು ಮಾಡಿದ ನಿಯಮದಂತೆ, 50 ವರ್ಷಗಳಿಗೆ ಮಿಕ್ಕಿದ, ಚಾಸಿ, ಮೈಕಟ್ಟು, ಇಂಜಿನ್ನುಗಳಲ್ಲಿ ಮಹತ್ತಾದ ಮಾರ್ಪಾಡಾಗದ ಸ್ವಂತದ ಗಾಡಿಗಳಿಗೇ ವಿಂಟೇಜ್ ಎಂಬ ನೋಂದಣಿಯು ದೊರೆಯುತ್ತದೆ. ನಿತ್ಯದ ಓಡಾಟಕ್ಕೆ ಅವನ್ನು ಬಳಸುವಂತಿಲ್ಲ. ಬ್ರಿಟನ್ನಿನಲ್ಲಿ 40 ವರ್ಷಗಳನ್ನು ದಾಟಿ, ಹಾಗೆಯೇ ಮಾರ್ಪಾಡಿಲ್ಲದೆ ಉಳಿದ ಗಾಡಿಗಳಿಗೆ 2018ರ ಮೇ ತಿಂಗಳಿನಿಂದ ವಾರ್ಷಿಕ ಪರೀಕ್ಷೆಯು ಕಡ್ಡಾಯವಲ್ಲ. ಇದನ್ನು ರಿಯಾಯಿತಿಯೆಂದು ಹಲವರು ಹಿಗ್ಗಿದರು. ನಮಗೆ ಅದು ಹೊಣೆಯಾಗಿ ತೋರುತ್ತದೆ. ಪರೀಕ್ಷಕನು ನೋಡದಿದ್ದ ಮೇಲೆ ಯಜಮಾನನೇ ಪರೀಕ್ಷಕನಾಗಬೇಕಲ್ಲವೆ?

ಕೊನೆಯದಾಗಿ, ಒಂದು ಪೆಟ್ಟಿಗೆಯನ್ನೂ ಒಂದು ಪುಸ್ತಕವನ್ನೂ ಗಾಡಿಯೊಡನೆ ಇಟ್ಟುಕೊಳ್ಳಿರಿ. ಬಿಚ್ಚಿದ ಮೂಲಭಾಗಗಳನ್ನು ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡಿರಿ. ಎಂದು ಏನನ್ನು ಬದಲಾಯಿಸಿದಿರಿ, ಯಾವ ದ್ರವವನ್ನು ಹಾಕಿದಿರಿ, ಎಷ್ಟು ತುಳಿತಕ್ಕೆ ದೀಪ ಹೊತ್ತಿತು ಎಂಬುದನ್ನು ತಾರೀಖು ಸಹಿತ ಪುಸ್ತಕದಲ್ಲಿ ಬರೆಯಿರಿ. ನಿಮ್ಮ ತರುವಾಯ ಮಗನೋ ಮಗಳೋ ಆ ಗಾಡಿಯ ಚಕ್ರವನ್ನು ಹಿಡಿಯುವ ದಿನ, ಹೊಳೆಯುವ ಬಣ್ಣಕ್ಕಿಂತ ಆ ಪುಸ್ತಕವೇ ಅವರನ್ನು ಕಾಯುವುದು.